ಮಿಲುಂಕಾ ಒಪ್ಪಿಸಿದ ಬಂದೂಕು

ನಮ್ಮ ಪಕ್ಕದ ಮನೆಯ ಮಿಲುಂಕಾಳ ಮುಂಗೈ ಮುರಿದದ್ದು ಆ ಬಂದೂಕಿನ ಹಿಡಿಯ ಏಟಿಗೇ. ಗಂಡ ವಿತೊಮಿರ್ ಯುದ್ಧ ಮುಗಿಸಿ ಬರುವಾಗ ಅದನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದ. ಒತ್ತಿ ಹಿಡಿದರೆ ಗುಂಡಿನ ಮಳೆ ಸುರಿಸುವ ಸೇನೆಯ ಬಂದೂಕು. ಕುಡಿದಾಗ ಅದನ್ನು ಮೇಜಿನ ಮೇಲಿಟ್ಟುಕೊಂಡೇ ಉಣ್ಣುತ್ತಿದ್ದ. ಒಂದು ಹಬ್ಬದ ದಿನ ಅವಳು ಸಾಕಿದ ನಾಯಿಯನ್ನೇ ಸುಟ್ಟು ಕೆಡವಿದ. ಊರು ಬಾಯಿ ಬಿಟ್ಟಿತೇ? ಯಾರ ಅಟ್ಟದಲ್ಲಿ ಅಂಥದ್ದಿಲ್ಲ ಹೇಳಿ!

ಪರವಾನಗಿಯಿಲ್ಲದ ಬಂದೂಕನ್ನು ಒಂದು ತಿಂಗಳೊಳಗೆ ಠಾಣೆಗೆ ಒಪ್ಪಿಸಿದರೆ ಏನೂ ಕೇಳುವುದಿಲ್ಲ, ಆಮೇಲೆ ಸಿಕ್ಕಿದರೆ ಜೈಲು ಎಂದು ಸರ್ಬಿಯಾ ಸರ್ಕಾರ ಸಾರಿದಾಗ ಮಿಲುಂಕಾ ಗಂಡನ ಕಾಲು ಹಿಡಿದಳು.

"ಮಗನ ಮದ್ವೆ ಮುಗೀಲಿ, ಆಮೇಲೆ ಕೊಡೋಣ," ಎಂದ ಅವನು.

ನಮ್ಮಲ್ಲಿ ಹೆಣ್ಣಿನ ಮನೆಯವರು ಮರದ ತುದಿಗೆ ಸೇಬು ಕಟ್ಟುತ್ತಾರೆ. ಗಂಡಿನ ಕಡೆಯವರು ಅದನ್ನು ಗುಂಡು ಹೊಡೆದು ಬೀಳಿಸಿದ ಮೇಲೆಯೇ ಮದುಮಗಳು ಹೊಸ್ತಿಲು ದಾಟುವುದು. ಆ ಮದುವೆಯ ದಿನ ಮದುಮಗಳ ಚಿಕ್ಕಪ್ಪನ ಮಗ ಒಬ್ರಾದ್, ತಂದೆತಾಯಿ ಇಲ್ಲದ ತುಂಟ, ಸೇಬನ್ನು ತಂತಿಯಿಂದ ಬಿಗಿದಿದ್ದ. ಬೇಟೆ ಬಂದೂಕುಗಳ ಏಟಿಗೆ ಸೇಬು ಚಿಂದಿಯಾಯಿತೇ ಹೊರತು ಬೀಳಲಿಲ್ಲ.

"ಏನ್ ಬೀಗ್ರೇ, ಕವಣೆ ತಂದ್ಕೊಡ್ಲಾ?" ಎಂದು ಒಬ್ರಾದ್ ಮರದ ಬುಡದಿಂದ ಕೆಣಕಿದ.

ನೆರೆದವರೆಲ್ಲ ನಕ್ಕರು. ವಿತೊಮಿರನಿಗೆ ಮೈಯೆಲ್ಲ ಉರಿದು ಹೋಯಿತು. ಕಾರಿನ ಡಿಕ್ಕಿಯಿಂದ ಆ ಸೇನೆಯ ಬಂದೂಕನ್ನು ತೆಗೆದವನೇ, ಕುಡಿದ ಅಮಲಿನಲ್ಲೇ ಒತ್ತಿಬಿಟ್ಟ. ಬಂದೂಕು ಹಿಡಿತ ತಪ್ಪಿ ಹೊರಳಿತು. ಕೊಂಬೆ ಸಮೇತ ಸೇಬು ಬಿತ್ತು, ಒಬ್ರಾದನೂ ಬಿದ್ದ. ಹುಡುಗನ ಹೊಟ್ಟೆ ಹರಿದುಹೋಗಿತ್ತು.

ಮಿಲುಂಕಾ ಓಡಿಹೋಗಿ ತನ್ನ ಶಾಲನ್ನು ಗಾಯಕ್ಕೆ ಒತ್ತಿ ಹಿಡಿದು, ಆಂಬುಲೆನ್ಸ್ ಕರೆಯಿರೋ ಎಂದು ಅರಚಿದಳು. ಫೋನ್ ತೆಗೆದವನ ಕೈಯನ್ನು ಪಕ್ಕದವನು ಹಿಡಿದುಕೊಂಡ. ಆಂಬುಲೆನ್ಸ್ ಬಂದರೆ ಹಿಂದೆಯೇ ಪೊಲೀಸರೂ ಬರುತ್ತಾರಲ್ಲ, ಮೊದಲು ಬಂದೂಕು ಮರೆಯಾಗಲಿ ಅಂತ! ಎರಡೂ ಕಡೆಯ ಗಂಡಸರು ಹುಲ್ಲಿನಲ್ಲಿ ಮೊಣಕಾಲೂರಿ ಖಾಲಿ ತೋಟೆಗಳನ್ನು ಹೆಕ್ಕಿದರು, ಮದುಮಗನೂ ಹೆಕ್ಕಿದ. ಥೂ, ಅವರ ಜನ್ಮಕ್ಕಿಷ್ಟು! ಅಷ್ಟರಲ್ಲಿ ಒಬ್ರಾದ್ ಅವಳ ಮಡಿಲಲ್ಲೇ ಪ್ರಾಣ ಬಿಟ್ಟ.

ಯಾರೋ ಅಪರಿಚಿತ ಗುಂಡು ಹಾರಿಸಿ ಓಡಿಹೋದ ಎಂದು ಊರೆಲ್ಲ ಒಂದೇ ಮಾತು ಹೇಳಿತು. ಒಪ್ಪಿಸುವ ಗಡುವು ಇನ್ನೂ ಮುಗಿದಿರಲಿಲ್ಲ. ಹೆಂಗಸು ಕೊಟ್ಟರೆ ಯಾರಿಗೂ ಸಂಶಯ ಬಾರದೆಂದು ವಿತೊಮಿರ್ ಬಂದೂಕನ್ನು ಚೀಲಕ್ಕೆ ತುಂಬಿ ಹೆಂಡತಿಯ ಹೆಗಲಿಗೇರಿಸಿದ.

"ಅಲ್ಲಿಟ್ಟು ಹೋಗಮ್ಮಾ, ನಾವೇನೂ ಕೇಳಲ್ಲ," ಎಂದ ಠಾಣೆಯ ಪೊಲೀಸಿನವನು.

"ಕೇಳಪ್ಪಾ," ಎಂದಳು ಮಿಲುಂಕಾ. "ಒಬ್ರಾದನ್ನ ಕೊಂದಿದ್ದು ಇದೇ. ಹೊಡೆದಿದ್ದು ನನ್ನ ಗಂಡ. ತೋಟೆ ಹೆಕ್ಕಿದೋರಲ್ಲಿ ನನ್ನ ಮಗನೂ ಇದ್ದ."

ಗಂಡ ಜೈಲಿಗೆ ಹೋದ, ಮಗನ ಮೇಲೂ ಕೇಸಾಯಿತು. ಊರಿನವರು ಅವಳ ಬಾಗಿಲಿಗೆ ಸಗಣಿ ಬಳಿದು ಮನೆಮುರುಕಿ ಎಂದು ಬೈದರು. ಅವಳು ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಒಬ್ರಾದನ ಜೊತೆ ಒಂದೇ ಮನೆಯಲ್ಲಿ ಬೆಳೆದ ಸೊಸೆ ಬಂದು ನಿಂತಾಗ ಮಾತ್ರ ತಲೆ ತಗ್ಗಿಸಿದಳು.

"ಅತ್ತೆ, ಆ ಬಂದೂಕನ್ನ ಮದ್ವೆಗೆ ಮುಂಚೆನೇ ನೀವೇ ಎತ್ಕೊಂಡ್ ಹೋಗಿ ಕೊಡ್ಬಹುದಿತ್ತಲ್ಲ?"

"ಹೆದ್ರಿದ್ದೆ ಕಣೇ ಮಗಳೇ," ಎಂದಳು ಮಿಲುಂಕಾ.