ಎದುರುಮನೆಯಾಕೆ ಹತ್ತು ದಿನದಲ್ಲಿ ಕಾರು ಕಲಿತದ್ದು

ಕಳೆದ ತಿಂಗಳು ಎಂಟನೇ ಮೈಲಿಯ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿದ್ದಾಗ ಮೂಗಿಗೆ ಒಂದು ಸುಟ್ಟ ವಾಸನೆ ಬಡಿಯಿತು. ಕಸ ಸುಟ್ಟದ್ದಲ್ಲ, ಟೈರಿನದೂ ಅಲ್ಲ. ಕ್ಲಚ್ ಸುಟ್ಟ ವಾಸನೆ. ಮುಂದೆ ಡ್ರೈವಿಂಗ್ ಸ್ಕೂಲಿನ ಕಾರೊಂದು ಹಿಂದಕ್ಕೆ ಜಾರುತ್ತ, ಮತ್ತೆ ಗೊರಗೊರ ಅನ್ನುತ್ತ ಮುಂದಕ್ಕೆ ಹಾರುತ್ತ ಒದ್ದಾಡುತ್ತಿತ್ತು. ಸುತ್ತಲಿದ್ದವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ಸ್ಟಿಯರಿಂಗ್ ಹಿಡಿದ ಹೆಂಗಸಿನ ಬೆನ್ನಷ್ಟೇ ಕಾಣುತ್ತಿತ್ತು. ಯಾರೋ ಏನೋ... ಆದರೆ ನನಗೆ ಎದುರುಮನೆಯಾಕೆಯೇ ಕೂತಂತೆ ಅನ್ನಿಸಿತು.

ಆಕೆಯನ್ನು ನಾನು ಹೆಸರು ಹಿಡಿದು ಕರೆದದ್ದೇ ಇಲ್ಲ. ಆಕೆ ನನ್ನನ್ನು 'ಅಕ್ಕಾರ' ಅನ್ನುತ್ತಿದ್ದಳು, ನಾನು ಬರೀ 'ರೀ' ಅನ್ನುತ್ತಿದ್ದೆ. ಆಗ ನಾವು ಮಾಕಳಿಯಲ್ಲಿದ್ದೆವು. ತುಮಕೂರು ರಸ್ತೆಯ ಉದ್ದಕ್ಕೂ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ವರ್ಷಗಳು. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಸಂಜೆಗೆ ಬೆರಳಲ್ಲಿ ಬರೆಯುವಷ್ಟು ಧೂಳು. ನಮ್ಮವರು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದರು. ಸ್ವಂತ ಮನೆ, ಗೇಟಿನೊಳಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು. ಎದುರುಮನೆಯಾಕೆ ಗದಗದ ಕಡೆಯವಳು. ಗಂಡ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಒಂದೂವರೆ ರೂಮಿನ ಬಾಡಿಗೆ ಮನೆ, ಬಾಗಿಲಲ್ಲಿ ಒಂದು ಸೈಕಲ್. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆಗ ನಾನು ದಿನವೂ ಇದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಕಾರಿದ್ದದ್ದು ನಮಗೆ. ಅವಳಿಗಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಆಕೆ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ನಮ್ಮ ಬೀದಿಯ ಕೊನೆಯಲ್ಲಿ ಪುಟ್ಟ ಮಕ್ಕಳ ಶಾಲೆಯೊಂದಿತ್ತು. ಅದನ್ನು ನಡೆಸುತ್ತಿದ್ದ ಮೇಡಂ ಮಕ್ಕಳನ್ನು ಕರೆತರಲು ವ್ಯಾನು ತೆಗೆದುಕೊಂಡಿದ್ದರು. ಓಡಿಸಲು ಹೆಂಗಸೇ ಬೇಕೆಂದು ಅವರ ಹಟ. ಜೂನ್ ಹೊತ್ತಿಗೆ ಲೈಸೆನ್ಸ್ ತಂದರೆ ಕೆಲಸ ನಿನಗೇ ಎಂದು ಆಕೆಗೆ ಹೇಳಿದ್ದರಂತೆ. ಹೆದ್ದಾರಿಯ ಹತ್ತಿರ ಹೊಸದಾಗಿ ತೆರೆದ ಡ್ರೈವಿಂಗ್ ಸ್ಕೂಲಿನಲ್ಲಿ ಹತ್ತು ದಿನದ ಕೋರ್ಸು, ದಿನಕ್ಕೆ ಎರಡು ಗಂಟೆ, ಹತ್ತನೇ ದಿನ ಪೇಟೆಯೊಳಗೇ ಓಡಿಸಬೇಕು.

"ಒಬ್ಬಾಕಿನ ಹೋಗಾಕ ಅಂಜಿಕಿ ಬರತೈತ್ರಿ ಅಕ್ಕಾರ. ನೀವೂ ಬರ್ರಿ. ನಿಮ್ಮ ಮನ್ಯಾಗ ಕಾರ್ ಐತಿ, ಕಲತ್ರ ನಾಳಿಂದನ ಓಡಸಬಹುದು" ಅಂದಳು.

ನೋಡೋಣ ಅಂದೆ. ಆಮೇಲೆ ಒಂದು ವಾರ ನಾನು ಬೇರೆ ಏನನ್ನೂ ಯೋಚಿಸಲಿಲ್ಲ. ಪಾತ್ರೆ ತಿಕ್ಕುವಾಗ ಹೋಗುವುದು ಎಂದು ತೀರ್ಮಾನವಾಗುತ್ತಿತ್ತು, ಬಟ್ಟೆ ಒಣಹಾಕುವಾಗ ಬೇಡ ಎಂದು. ಹತ್ತೇ ದಿನದಲ್ಲಿ ಕಲಿತದ್ದು ಹನ್ನೊಂದನೇ ದಿನಕ್ಕೆ ಉಳಿಯುತ್ತದೆಯೇ? ನಿಧಾನವಾಗಿ ತಿಂಗಳುಗಟ್ಟಲೆ ಕಲಿಯುವುದು ಮೇಲಲ್ಲವೇ? ಹೀಗೆ ಕೇಳಿಕೊಳ್ಳುತ್ತಿದ್ದೆ. ಒಳಗಿದ್ದ ಮಾತು ಬೇರೆ. ಅವಳಿಗೆ ಬಂದು ನನಗೆ ಬಾರದೆ ಹೋದರೆ? ಒಂದೇ ಕಾರಿನಲ್ಲಿ, ಒಬ್ಬನೇ ಮೇಷ್ಟ್ರ ಮುಂದೆ...

ನಮ್ಮವರನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಹತ್ತು ದಿನದಲ್ಲಿ ಯಾರೇ ಕಲೀತಾರೆ? ಬರೀ ಬೋರ್ಡ್ ಹಾಕ್ಕೊಂಡಿರ್ತಾರೆ. ನಾನೇ ಕಲಿಸ್ತೀನಿ ಬಿಡು, ಭಾನುವಾರ ಭಾನುವಾರ."

ನನಗೆ ಹೋಗದಿರಲು ಒಂದು ನೆಪ ಬೇಕಿತ್ತು, ಸಿಕ್ಕಿತು. ಎದುರುಮನೆಯಾಕೆಗೆ ಹೇಳಿದಾಗ ಅವಳ ಮುಖ ಸಣ್ಣದಾಯಿತು. "ಹೌದಲ್ರಿ, ಮನ್ಯಾಗ ಕಲಸಾವ್ರು ಇದ್ದ ಮ್ಯಾಲ ಯಾಕ" ಅಂದಳು. ಮರುದಿನವೇ ಒಬ್ಬಳೇ ಹೋಗಿ ಸೇರಿ ಬಂದಳು.

ನನ್ನ ಭಾನುವಾರ ಬಂದದ್ದು ಒಂದೇ ಸಲ. ಊರ ಹಿಂದೆ ಸೈಟುಗಳಿಗೆ ಕಲ್ಲು ನೆಟ್ಟು ಬಿಟ್ಟಿದ್ದ ಖಾಲಿ ಲೇಔಟಿಗೆ ಕರೆದುಕೊಂಡು ಹೋದರು. ಕೀ ತಿರುಗಿಸಿದೆ. ಕ್ಲಚ್ ಬಿಟ್ಟೆ. ಕಾರು ಒಮ್ಮೆ ಜಿಗಿದು ಸತ್ತಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲಕ್ಕೆ ಅವರು ಡ್ಯಾಷ್‌ಬೋರ್ಡ್ ಗುದ್ದಿ, "ಕಾಲಾ ಅದು, ಕಂಬಾನಾ? ಹೇಳಿದ್ದು ಕಿವಿಗೆ ಬೀಳಲ್ವಾ? ಗೇರ್ ಬಾಕ್ಸ್ ಹೋಗುತ್ತೆ, ಇಳಿ ಇಳಿ!" ಎಂದು ಕೂಗಿದರು. ಇಳಿದೆ. ಮುಂದಿನ ಭಾನುವಾರ ಅವರಿಗೆ ಓವರ್‌ಟೈಮು ಬಂತು, ಅದರ ಮುಂದಿನದು ಯಾರದೋ ನಾಮಕರಣ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಏಪ್ರಿಲ್‌ನಲ್ಲಿ ಆಕೆಯ ಕೋರ್ಸು ಶುರುವಾಯಿತು. ಬೆಳಿಗ್ಗೆ ಏಳಕ್ಕೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಿದ್ದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಒಂಬತ್ತೂವರೆಗೆ ವಾಪಸು ಬರುವಾಗ ನಡಿಗೆ ಹೇಗಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಮೂರನೇ ದಿನ ಸ್ವಲ್ಪ ಕುಂಟುತ್ತಿದ್ದಂತೆ ಕಂಡಿತು, ಖುಷಿಯಾಯಿತು. ಬಿಟ್ಟುಬಿಡುತ್ತಾಳೆ ಅಂದುಕೊಂಡೆ. ಹತ್ತನೇ ದಿನ ಡ್ರೈವಿಂಗ್ ಸ್ಕೂಲಿನ ಕಾರನ್ನು ತಾನೇ ಓಡಿಸಿಕೊಂಡು ನಮ್ಮ ಬೀದಿಗೆ ಬಂದಳು. ಪಕ್ಕದಲ್ಲಿ ಮೇಷ್ಟ್ರು ಕೈ ಕಟ್ಟಿ ಕೂತಿದ್ದ. ನಮ್ಮ ಗೇಟಿನ ಮುಂದೆ ನಿಲ್ಲಿಸಿ, ಹಾರ್ನ್ ಒತ್ತಿ, "ಅಕ್ಕಾರ!" ಎಂದು ಕೂಗಿದಳು. ಏಳನೇ ಕ್ಲಾಸಿನ ನನ್ನ ಮಗಳು ಚಪ್ಪಾಳೆ ತಟ್ಟಿಕೊಂಡು ಹೊರಗೆ ಓಡಿದಳು. ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಂತೆ.

ಮೇ ತಿಂಗಳಲ್ಲಿ ಲೈಸೆನ್ಸ್ ಬಂತು. ಆದರೆ ಓಡಿಸದಿದ್ದರೆ ಕೈ ತಪ್ಪುತ್ತದೆ, ಆಕೆಯ ಹತ್ತಿರ ಕಾರಿಲ್ಲ. ಒಂದು ಸಂಜೆ ಗೇಟಿನ ಹತ್ತಿರ ನಮ್ಮವರೇ ಹೇಳಿದರು, "ನಮ್ಮ ಗಾಡಿ ಸುಮ್ನೆ ನಿಂತಿರುತ್ತೆ. ಭಾನುವಾರ ಪ್ರಾಕ್ಟೀಸ್ ಮಾಡಿ, ನಾನು ಪಕ್ಕದಲ್ಲಿ ಕೂತ್ಕೋತೀನಿ."

ಆಕೆ ನನ್ನ ಕಡೆ ನೋಡಿದಳು. ನಾನು ನಕ್ಕೆ. ಏನು ಮಾಡಲಿ?

ಆ ಭಾನುವಾರ ನಾನೂ ಹೋದೆ, ಹಿಂದಿನ ಸೀಟಿನಲ್ಲಿ. ಅದೇ ಲೇಔಟ್. ಕಾರು ಒಮ್ಮೆ ಸತ್ತಿತು. ನಾನು ಉಸಿರು ಹಿಡಿದೆ. "ಪರ್ವಾಗಿಲ್ಲ, ಆಗುತ್ತೆ. ಮತ್ತೆ ಸ್ಟಾರ್ಟ್ ಮಾಡಿ. ನಿಧಾನ... ಹಾಂ, ಸಕ್ಕತ್ತಾಗ್ ಬಂತು" ಎಂದರು ನಮ್ಮವರು. ಇದು ಯಾರ ಧ್ವನಿ ಎಂದು ನಾನು ತಬ್ಬಿಬ್ಬಾದೆ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೂ ಆ ಧ್ವನಿಯನ್ನು ನಾನು ಕೇಳಿರಲಿಲ್ಲ. ಅವರಿಬ್ಬರ ನಡುವೆ ಏನೋ ಇದೆ ಎಂಬ ಅನುಮಾನ ನನಗೆ ಒಂದು ಕ್ಷಣವೂ ಬರಲಿಲ್ಲ. ಬಂದಿದ್ದರೆ ಸುಲಭವಿತ್ತು, ಜಗಳವಾಡಬಹುದಿತ್ತು. ಅಂಥದೊಂದು ಧ್ವನಿ ಅವರ ಗಂಟಲಲ್ಲಿ ಇದೆ, ಅದನ್ನು ಅವರು ಎದುರುಮನೆಯವರಿಗೆ ಧಾರಾಳವಾಗಿ ಕೊಡುತ್ತಾರೆ, ನನಗೆ ಕೊಟ್ಟಿಲ್ಲ. ಇದನ್ನು ಹಿಡಿದು ಯಾರ ಹತ್ತಿರ ಜಗಳವಾಡುವುದು? ನಾಲ್ಕು ಭಾನುವಾರ ಹಾಗೆ ಹಿಂದೆ ಕೂತೆ. ಆಕೆಯ ಜಡೆ, ಕನ್ನಡಿಯಲ್ಲಿ ಆಕೆಯ ಹುಬ್ಬು, ಗೇರಿನ ಮೇಲೆ ಹಸಿರು ಬಳೆಯ ಕೈ. ನನ್ನ ಕಾರು.

ಶಾಲೆ ಶುರುವಾಗಲು ಒಂದು ವಾರವಿದ್ದಾಗ, ತರಕಾರಿ ಅಂಗಡಿಯ ಮುಂದೆ ಆ ಮೇಡಂ ಸಿಕ್ಕರು. ಬೀನ್ಸ್ ಆರಿಸುತ್ತ ಕೇಳಿದರು, "ನಿಮ್ಮ ಕಾರಲ್ಲೇ ಪ್ರಾಕ್ಟೀಸ್ ಮಾಡ್ತಿದಾರಂತಲ್ಲ? ಹೇಗೆ ಓಡಿಸ್ತಾರೆ ಕಣ್ರೀ? ಚಿಕ್ಕ ಮಕ್ಕಳು ನೋಡಿ..."

ಚೆನ್ನಾಗಿ ಓಡಿಸುತ್ತಾಳೆ ಎನ್ನುವುದು ನಿಜ. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಸ್ವಲ್ಪ ತಡೆದೆ. ಆ ತಡೆದದ್ದೇ ಅರ್ಧ ಕೆಲಸ ಮಾಡಿತ್ತು ಅನಿಸುತ್ತದೆ. "ಪಾಪ, ಕಷ್ಟಪಡ್ತಾರೆ. ಆದ್ರೆ ಹತ್ತು ದಿನದ ಕೋರ್ಸ್ ಅಲ್ವಾ... ನನ್ನ ಮಗಳನ್ನಾದ್ರೆ ನಾನು ಈಗ್ಲೇ ಕಳಿಸ್ತಿರ್ಲಿಲ್ಲಪ್ಪ" ಅಂದೆ. ಮೇಡಂ ತಲೆಯಾಡಿಸಿದರು. ನಾನು ಕೊತ್ತಂಬರಿ ಕಟ್ಟು ತೆಗೆದುಕೊಂಡು ಮನೆಗೆ ಬಂದೆ. ಎದೆ ಹಗುರವಾಗಿತ್ತು. ಆ ಹಗುರ ಇವತ್ತಿಗೂ ನೆನಪಿದೆ, ಅದಕ್ಕೇ ಹೇಳುತ್ತಿದ್ದೇನೆ.

ನಾಲ್ಕು ದಿನದ ಮೇಲೆ ಆಕೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಮೇಡಂ ಬೇರೆ ಡ್ರೈವರನ್ನು ಗೊತ್ತು ಮಾಡಿದ್ದರು. "ನನ್ನ ಡ್ರೈವಿಂಗ್ ಬಗ್ಗೆ ಯಾರೋ ಏನೋ ಹೇಳ್ಯಾರಂತ್ರಿ" ಅಂದಳು. ಅಷ್ಟು ಹೇಳಿ ಸುಮ್ಮನೆ ನನ್ನನ್ನೇ ನೋಡಿದಳು. ನಾನು "ಅಯ್ಯೋ, ಹೌದಾ?" ಎಂದು ಒಲೆಯ ಕಡೆ ತಿರುಗಿದೆ. ಕಾಫಿ ಕೊಟ್ಟೆ. ಪೂರ್ತಿ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದಳು. ಮುಂದಿನ ಭಾನುವಾರ ಪ್ರಾಕ್ಟೀಸಿಗೆ ಬರಲಿಲ್ಲ. ನಮ್ಮವರು ಕೇಳಿದ್ದಕ್ಕೆ "ಸಾಕ್ರಿ, ಬಾಳ ಉಪಕಾರ ಆತು" ಅಂದಳಂತೆ.

ದೀಪಾವಳಿ ಕಳೆದ ಮೇಲೆ ಆಕೆಯ ಗಂಡನಿಗೆ ಜಿಗಣಿಯಲ್ಲಿ ಕೆಲಸವಾಯಿತು. ಸಾಮಾನು ತುಂಬಿದ ಟೆಂಪೋ ಹೊರಡುವ ಮುಂಚೆ ಹೇಳಿ ಹೋಗಲು ಬಂದಳು. ಕುಂಕುಮ ಕೊಟ್ಟೆ. ಹಚ್ಚಿಕೊಳ್ಳುತ್ತ ಅಂದಳು, "ಅಕ್ಕಾರ, ಮೊದಲನೇ ದಿನ ನಾ ಅತ್ತಿದ್ದೆ. ಆ ಮಾಸ್ತರ ಹಂಗ ಬೈದ. ಎಮ್ಮಿ ಮೇಯಸಾಕ ಹೋಗು ಅಂದ. ನಿಮಗ ಹೇಳಿರಲಿಲ್ಲ. ಮರದಿನ ಮತ್ತ ಹೋದೆ, ಅಷ್ಟ. ಭಾನುವಾರ ಭಾನುವಾರ ಆಗೂದಲ್ಲರಿ ಅದು. ನೀವು ಹತ್ತು ದಿನ ಹೋಗ್ರಿ."

ನಾನು ಮತ್ತೊಂದು ವರ್ಷ ತೆಗೆದುಕೊಂಡೆ. ಕೊನೆಗೆ ಹೋದೆ. ಅದೇ ಸ್ಕೂಲು, ಅದೇ ಮೇಷ್ಟ್ರು. ಮೊದಲ ದಿನ ನನಗೂ ಬೈಗುಳ ಬಿತ್ತು, ನಾನೂ ಅತ್ತೆ. ಮನೆಗೆ ಬಂದವಳು ಗೇಟು ತೆಗೆಯದೆ ನೇರವಾಗಿ ಎದುರುಮನೆಯ ಕಡೆಗೆ ನಡೆದಿದ್ದೆ. ಬಾಗಿಲು ತೆಗೆದದ್ದು ಗುರುತಿಲ್ಲದ ಹೊಸ ಬಾಡಿಗೆಯವರು. ಏನು ಬೇಕಿತ್ತು ಎಂದು ಕೇಳಿದರು. ಮನೆ ತಪ್ಪಿ ಬಂದೆ ಎಂದು ತಿರುಗಿದೆ. ಮರುದಿನ ಮತ್ತೆ ಹೋದೆ. ಹತ್ತೂ ದಿನ ಹೋದೆ.

ಈಚೆಗೆ ಒಂದು ಮದುವೆಯಲ್ಲಿ ಆ ಮೇಡಂ ಊಟಕ್ಕೆ ಪಕ್ಕದಲ್ಲಿ ಕೂತರು. ಈಗ ವಯಸ್ಸಾಗಿದೆ. ಮಾತಿಗೆ ಮಾತು ಬಂದು, "ಅವತ್ತು ನಿಮ್ಮ ಎದುರುಮನೆಯವರಿಗೆ ಬೇಜಾರಾಯ್ತು. ಯಾರು ಹೇಳಿದ್ದು ಅಂತ ಕೇಳಿದ್ರು, ನಾನೂ ಮುಚ್ಚಿಡೋಕೆ ಹೋಗ್ಲಿಲ್ಲ, ನಿಮ್ಮ ಹೆಸರು ಹೇಳ್ಬಿಟ್ಟೆ" ಎಂದರು. ಅಂದರೆ ಹೊಸ್ತಿಲಲ್ಲಿ ಕೂತಾಗ ಆಕೆಗೆ ಎಲ್ಲ ಗೊತ್ತಿತ್ತು. ನಾನೇ ಹೇಳಲಿ ಎಂದು ಕಾಯುತ್ತಿದ್ದಳೋ ಏನೋ...

ಮೊನ್ನೆ ಭಾನುವಾರ ಒಬ್ಬಳೇ ಕಾರು ತೆಗೆದುಕೊಂಡು ಜಿಗಣಿಗೆ ಹೋದೆ. ವಿಳಾಸವಿರಲಿಲ್ಲ. ಹಳೇ ಫೋನ್ ನಂಬರು ಬೇರೆ ಯಾರದೋ ಆಗಿತ್ತು. ಗಾರ್ಮೆಂಟ್ ಹೆಂಗಸರನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಾಳೆ ಎಂದು ಎಂದೋ ಕೇಳಿದ ಸುದ್ದಿಯೊಂದೇ ಗತಿ. ಕೈಗಾರಿಕಾ ಪ್ರದೇಶದ ಗೇಟುಗಳ ಮುಂದೆ ಕೇಳಿಕೊಂಡು ಅಲೆದೆ. ಒಂದು ಟೀ ಅಂಗಡಿಯಲ್ಲಿ ಕೊನೆಗೂ ಒಬ್ಬ ಹುಡುಗಿ ಗುರುತಿಸಿದಳು.

"ವ್ಯಾನ್ ಅಕ್ಕಾನಾ? ಅವ್ರು ಊರಿಗೆ ಹೋಗಿ ಎರಡು ವರ್ಷ ಆಯ್ತಲ್ಲ ಮೇಡಂ. ಯಾವ ಊರೋ ಗೊತ್ತಿಲ್ಲ. ನೀವು ಅವ್ರಿಗೆ ಏನಾಗ್ಬೇಕು?"

ಸ್ನೇಹಿತೆ ಅನ್ನಲು ಬಾಯಿ ಬರಲಿಲ್ಲ. ಪರಿಚಯದವರು ಅಂದೆ.

"ತುಂಬಾ ಒಳ್ಳೇವ್ರು. ನಂಗೂ ಹೇಳ್ತಿದ್ರು, ಹತ್ತೇ ದಿನ ಹೋಗು, ಮೊದಲನೇ ದಿನ ಅಳು ಬರುತ್ತೆ, ಮರುದಿನ ಮತ್ತೆ ಹೋಗು ಅಂತ. ಎಲ್ಲರಿಗೂ ಅದನ್ನೇ ಹೇಳ್ತಿದ್ರು."

ಎಲ್ಲರಿಗೂ. ಇಷ್ಟು ವರ್ಷ ಅದು ನನಗೊಬ್ಬಳಿಗೇ ಹೇಳಿದ ಮಾತೆಂದು ಇಟ್ಟುಕೊಂಡಿದ್ದೆ. ಆ ಟೀ ಅಂಗಡಿಯ ಮುಂದೆ, ಕ್ಷಮೆ ಕೇಳಲು ಹೋದವಳಿಗೆ, ಆ ಹುಡುಗಿಯ ಮೇಲೆ ಹೊಟ್ಟೆಯಲ್ಲಿ ಅದೇ ಹಳೇ ಉರಿ ಎದ್ದಿತು. ಕೇಳಬೇಕಾದವಳು ಸಿಗಲಿಲ್ಲ, ಇನ್ನು ಸಿಗುತ್ತಾಳೆಂದು ಅನ್ನಿಸುವುದೂ ಇಲ್ಲ. "ಕಲಿತ್ಯಾ?" ಎಂದು ಹುಡುಗಿಯನ್ನು ಕೇಳಿದೆ. ಇನ್ನೂ ಇಲ್ಲ ಎಂದು ನಕ್ಕಳು. ಹೋಗು ಅಂದೆ.