ಆಟದ ಪೆಟ್ಟಿಗೆಯಲ್ಲಿ ಅಡಗಿಸಿದ ಗುಟ್ಟು

ತಪ್ಪು ಮಾಡಿದವರು ಒಂದು ಮನೆತನದವರು, ಒಂದು ಕಚೇರಿಯವರು ಮತ್ತು ನಾನು. ಅನುಭವಿಸಿದವಳು ಒಬ್ಬಳೇ: ಬನಹಟ್ಟಿಯಲ್ಲಿ ಇಂಟರ್‌ನೆಟ್ ಅಂಗಡಿ ನೋಡಿಕೊಳ್ಳುತ್ತಿದ್ದ, ನಾನು ಅಕ್ಕ ಎಂದು ಕರೆಯುತ್ತಿದ್ದ ಹೆಣ್ಣುಮಗಳು.

ಕಳೆದ ವಾರ ಜಮಖಂಡಿಯ ನಮ್ಮ ಮಹಿಳಾ ಸಂಘಟನೆಯ ಕಚೇರಿಯಲ್ಲಿ ರಿಪೇರಿಯವರು ಕೆಟ್ಟ ಕಂಪ್ಯೂಟರೊಂದರ ತಗಡಿನ ಮುಚ್ಚಳ ಬಿಚ್ಚಿದರು. ಕಾದ ಧೂಳಿನ, ಸುಟ್ಟ ತಂತಿಯ ವಾಸನೆ ಕೋಣೆಯಲ್ಲಿ ಹರಡಿತು. ನಾನು ಮಾತು ಅರ್ಧಕ್ಕೆ ಬಿಟ್ಟು ಹೊರಗೆ ಬಂದು ನಿಂತೆ. ಹತ್ತು ವರ್ಷಗಳ ಮೇಲಾದರೂ ಆ ಹೆದರಿಕೆ ನನ್ನನ್ನು ಬಿಟ್ಟಿಲ್ಲ...

ಅಕ್ಕನ ಗಂಡನ ಊರು ಬೀಳಗಿಯ ಕಡೆಯದು. ಕೃಷ್ಣೆಯ ಹಿನ್ನೀರು ಅದನ್ನು ನುಂಗಿತ್ತು. ಗಂಡ ತೀರಿಕೊಂಡ ಮೇಲೆ ಪುನರ್ವಸತಿ ಕೇಂದ್ರದ ನಿವೇಶನ ಅವಳ ಹೆಸರಿಗೆ ಬಂದಿತ್ತು. ಆ ಹಕ್ಕುಪತ್ರವೊಂದಿದ್ದರೆ ಅವಳು ಎಂದಾದರೂ ತನ್ನದೇ ಬಾಗಿಲು ತೆರೆದು ತನ್ನದೇ ಮನೆಯೊಳಗೆ ಹೋಗಬಹುದಿತ್ತು. ಅಲ್ಲಿಯವರೆಗೆ ಅವಳಿಗೆ ಭಾವನ ಮನೆಯೇ ಗತಿ. ಗಂಡನ ಅಣ್ಣನಾದ ಆತನಿಗೆ ಆ ಕಾಗದ ಬೇಕಾಗಿತ್ತು. ಮನೆಯವರು ಅವಳ ಟ್ರಂಕನ್ನು, ಹಾಸಿಗೆಯ ಮಡಿಕೆಯನ್ನು, ಕೊನೆಗೆ ಉಪ್ಪಿನ ಭರಣಿಯನ್ನೂ ಜಾಲಾಡಿದ್ದರು. ಅದನ್ನು ಅವರು ಕಾಳಜಿ ಎಂದರು. ನಾನು ಹಿಂಸೆ ಎನ್ನುತ್ತೇನೆ.

ಅಂಗಡಿಯೂ ಭಾವನದೇ, ಅದರ ಹಿಂದೆ ಅವನ ಮಗ್ಗಗಳು. ತಮ್ಮನ ಹೆಂಡತಿ ಭಾವನೆದುರು ನಿಲ್ಲಬಾರದೆಂಬುದು ಅವರ ಮನೆಯ ಪದ್ಧತಿ. ಪದ್ಧತಿ ಅನ್ಯಾಯದ್ದೇ, ಆದರೆ ಅದರಿಂದಾಗಿ ಅವಳು ಕೌಂಟರಿನಲ್ಲಿರುವಷ್ಟು ಹೊತ್ತು ಅವನು ಒಳಗೆ ಕಾಲಿಡುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತು ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿದೊಡನೆ ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೆಯೇ ನಿಲ್ಲುತ್ತಿದ್ದವು.

ಪಿಯುಸಿ ಓದುತ್ತಿದ್ದ ನನಗೆ ಆ ಆಟ ಕಲಿಸಿದವಳು ಅವಳೇ. ಕಾಣದ ದೇಶಗಳ ಜನರೆಲ್ಲ ಒಂದೊಂದು ವೇಷ ತೊಟ್ಟು ಒಂದೇ ಕಾಡಿನಲ್ಲಿ ಅಲೆಯುವ ಆಟ. ಗಳಿಸಿದ್ದನ್ನು ಕದಿಯುವವರೇ ಅಲ್ಲಿ ಹೆಚ್ಚು. ಅಕ್ಕ ಕಾದಾಡುತ್ತಿರಲಿಲ್ಲ, ಅಡಗಿಸುತ್ತಿದ್ದಳು. ಒಣಮರದ ಬುಡದಲ್ಲಿ ಪೆಟ್ಟಿಗೆ ಹೂತು, ಅದರೊಳಗೆ ಚೀಲ, ಚೀಲದೊಳಗೆ ಇನ್ನೊಂದು ಚೀಲ ಇಟ್ಟು, ಮೇಲೆ ಈರುಳ್ಳಿ, ಮುರಿದ ಬಾಣ, ನಾಲ್ಕು ತಾಮ್ರದ ನಾಣ್ಯ ಹರಡುತ್ತಿದ್ದಳು. ಮುಳುಗಿದ ಊರಿನಲ್ಲಿ ಅವಳ ಮಾವ, ನೆಲದೊಳಗೆ ಜೋಳ ತುಂಬುವ ಹಗೇವನ್ನು ಮುಚ್ಚಿ, ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಚೀಲ ನಿಲ್ಲಿಸುತ್ತಿದ್ದರಂತೆ.

"ಕಳ್ಳಗ ಖಾಲಿ ಪೆಟಗಿ ತೋರಸಬಾರದವಾ," ಎಂದಿದ್ದಳು. "ಖಾಲಿ ಕಂಡ್ರ ನೆಲಾನ ಅಗೀತಾನ. ಒಂದೀಟು ಇಟ್ಟಿರಬೇಕು, ತಗೊಂಡು ನಕ್ಕೋತ ಹೋಗ್ತಾನ."

ಆ ಆಟದಲ್ಲಿ ಖಾಲಿ ಪುಸ್ತಕಗಳೂ ಸಿಗುತ್ತಿದ್ದವು, ಅವುಗಳಲ್ಲಿ ಏನು ಬೇಕಾದರೂ ಬರೆಯಬಹುದಿತ್ತು. ಒಂದು ಮಧ್ಯಾಹ್ನ ಅವಳು ಅಂಥದೊಂದನ್ನು ಎಲ್ಲಕ್ಕಿಂತ ಒಳಗಿನ ಚೀಲದಲ್ಲಿಟ್ಟು, ತನ್ನ ವೇಷದ ಗುಪ್ತಪದವನ್ನು ನನ್ನ ಕಿವಿಯಲ್ಲಿ ಹೇಳಿದಳು. ತಾನು ಎಂಟು ದಿನ ಕಾಣದಿದ್ದರೆ ಪುಸ್ತಕ ಓದಬೇಕು, ಅದು ತೋರಿಸುವುದನ್ನು ತೆಗೆದು ನನ್ನ ಬಳಿ ಇಟ್ಟುಕೊಳ್ಳಬೇಕು. ಆದರೆ ಜಮಖಂಡಿಯ ಬೇರೆ ಇಂಟರ್‌ನೆಟ್ ಅಂಗಡಿಗೆ ಹೋಗಿ ಓದಬೇಕು, ಇಲ್ಲಿ ಮಾತ್ರ ತೆರೆಯಬಾರದು. ಕೌಂಟರಿನ ಕಂಪ್ಯೂಟರಿನಲ್ಲಿ ಎಲ್ಲರ ಪರದೆಯೂ ಕಾಣುತ್ತಿತ್ತು.

ಈಗಲೇ ಹೇಳಿಬಿಡಿ ಎಂದು ಕೇಳಿಕೊಂಡೆ.

"ಈಗ ಹೇಳಿದ್ರ ನಿನ್ನ ಮುಖದಾಗ ಕಾಣತೈತಿ," ಎಂದಳು.

ಕೆಲವು ವಾರಗಳ ನಂತರ ಅವಳು ಕಾಣಲಿಲ್ಲ. ಆರಾಮಿಲ್ಲವೆಂದು ಚಿಮ್ಮಡದ ಸಂಬಂಧಿಕರ ಮನೆಯಲ್ಲಿ ಬಿಟ್ಟಿದ್ದೇವೆ ಎಂದರು. ಕೌಂಟರಿನಲ್ಲಿ ಭಾವ ಕುಳಿತಿದ್ದ. ಎಂಟು ದಿನ ಎಣಿಸಿದೆ. ಜಮಖಂಡಿಗೆ ಹೋಗಬೇಕೆಂದರೆ ಅಪ್ಪನನ್ನು ಕೇಳಬೇಕು, ಕೇಳಿದರೆ ಕಾರಣ ಹೇಳಬೇಕು. ನನಗೆ ಧೈರ್ಯ ಬರಲಿಲ್ಲ. ಕಂಪ್ಯೂಟರ್ ಶುರುಮಾಡಲೂ ಇನ್ನೊಬ್ಬರನ್ನು ಕರೆಯುವ ಭಾವನಿಗೆ ಏನು ತಿಳಿದೀತು ಎಂದುಕೊಂಡೆ. ಕಾದ ಧೂಳು, ಸುಟ್ಟ ತಂತಿ ನಾರುವ ಆ ಅಂಗಡಿಯಲ್ಲೇ, ಕೊನೆಯ ಕುರ್ಚಿಯಲ್ಲಿ ಕುಳಿತು ಪೆಟ್ಟಿಗೆ ತೆರೆದೆ.

ಈರುಳ್ಳಿ ಸರಿಸಿದೆ. ಚೀಲ ಬಿಚ್ಚಿದೆ. ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಎರಡೇ ಸಾಲು ಕನ್ನಡವಿತ್ತು. ಹಕ್ಕುಪತ್ರ ಇದೇ ಅಂಗಡಿಯ ಮೂಲೆಯಲ್ಲಿ ಪೇರಿಸಿದ ಕೆಟ್ಟ ಕಂಪ್ಯೂಟರುಗಳಲ್ಲಿ, ಎಲ್ಲಕ್ಕಿಂತ ಕೆಳಗಿನದರ ತಗಡಿನೊಳಗಿದೆ. ಅವನದೇ ಜಾಗವನ್ನು ಅವನು ಹುಡುಕಲಾರನೆಂದು ಅವಳು ನಂಬಿದ್ದಳು.

"ಭಾಳ ಛಲೋ ಆಟ," ಎಂಬ ಧ್ವನಿ ಕೇಳಿಸಿತು.

ತಿರುಗಿ ನೋಡಿದೆ. ಭಾವ ಕನ್ನಡಕ ಹಾಕಿಕೊಂಡು ಕೌಂಟರಿನ ಪರದೆಯನ್ನು ನೋಡುತ್ತಿದ್ದ. ನನ್ನತ್ತ ಕಣ್ಣೆತ್ತಲಿಲ್ಲ.

"ಡಬ್ಬಿ ತಗಿಯೂದು ನಮಗೂ ಒಂದೀಟು ಕಲಸವಾ," ಎಂದ. ಆಮೇಲೆ, ಬಹಳ ಮೆಲ್ಲಗೆ, "ನಿಮ್ಮಪ್ಪಾರು ಆರಾಮ ಅದಾರಲ್ಲ?"

ನಾನು ಎದ್ದು ಓಡಿದೆ. ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಇಣುಕಿದಾಗ ಮೂಲೆ ಖಾಲಿಯಾಗಿತ್ತು. ಹಳೆಯ ಸಾಮಾನೆಲ್ಲ ಗುಜರಿಗೆ ಹೋಯಿತೆಂದರು.

ಮತ್ತೆರಡು ದಿನಕ್ಕೆ ಅಕ್ಕ ಬಂದಳು, ಬಡವಾಗಿದ್ದಳು. ಮೂಲೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇಲ್ಲೇ ತಗದೇನು?"

ತಲೆಯಾಡಿಸಿದೆ. ಬೈದಿದ್ದರೆ ಇಷ್ಟು ವರ್ಷ ಇದು ಕೊರೆಯುತ್ತಿರಲಿಲ್ಲವೇನೋ... ಅವಳು ಕಂಪ್ಯೂಟರಿನ ಮುಂದೆ ಕುಳಿತು ಪೆಟ್ಟಿಗೆ ತೆರೆದು, ಅದರಲ್ಲಿದ್ದುದನ್ನೆಲ್ಲ ಒಂದೊಂದಾಗಿ ಆ ಕಾಡಿನ ದಾರಿಯ ಮೇಲಿಟ್ಟಳು. ಯಾರೋ ಅಪರಿಚಿತರು ಬಂದು ಹೆಕ್ಕಿಕೊಂಡು ಹೋದರು.

"ಮನಿಗಿ ಹೋಗು ತಂಗಿ. ಇನ್ನ ಬರಬ್ಯಾಡ. ಅಂವಾ ನಿನ್ನ ಹೆಸರ ಕೇಳ್ಯಾನ."

ನಾನು ಹೋಗಲಿಲ್ಲ. ಆ ಅಂಗಡಿಯಿರುವ ಓಣಿಯನ್ನೇ ತುಳಿಯಲಿಲ್ಲ. ಪುನರ್ವಸತಿ ಕಚೇರಿಯವರು ಅವಳಿಂದ ಹಕ್ಕುಪತ್ರದ ಮೂಲಪ್ರತಿ ಕೇಳಿದರೆಂದೂ, ನಕಲು ಬೇಕಾದರೆ ಮನೆಯ ಹಿರಿಯನ ಒಪ್ಪಿಗೆ ತರಬೇಕೆಂದು ಹೇಳಿ ಭಾವನ ಬಳಿಗೇ ಕಳುಹಿಸಿದರೆಂದೂ ತಡವಾಗಿ ತಿಳಿಯಿತು. ಹೋದ ವರ್ಷ, ಮಗ್ಗದ ಮನೆಯ ಪಕ್ಕದ ಕೋಣೆಯಲ್ಲಿ ಅವಳು ತೀರಿಕೊಂಡಳು. ಜ್ವರ ಎಂದರು. ನಾನು ಮಣ್ಣಿಗೂ ಹೋಗಲಿಲ್ಲ. ಕಟ್ಟೆಯ ಮೇಲೆ ಅವನು ಕುಳಿತಿರುತ್ತಾನೆಂದು ಹೆದರಿದೆ. ಹೆಣ್ಣುಮಕ್ಕಳಿಗೆ ಧೈರ್ಯದ ಭಾಷಣ ಮಾಡುವ ನಾನು.

ಈ ವಾಸನೆ ಎದ್ದ ಮರುದಿನ ಪುನರ್ವಸತಿ ಕಚೇರಿಗೆ ಹೋಗಿ ಹಂಚಿಕೆ ವಹಿ ನೋಡಿದೆ. ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದೆ, ಮೇಲೆ ಭಾವನ ಹೆಸರಿದೆ. ಗೆರೆ ಎಳೆದವರ ಸಹಿಯಿಲ್ಲ, ಅವಳ ಒಪ್ಪಿಗೆಯೂ ಇಲ್ಲ.

ಅಧಿಕಾರಿಗಳೇ, ಕಾಗದ ಕಳೆದದ್ದು ಅವಳ ಕೈಯಿಂದ, ವಹಿ ಇದ್ದದ್ದು ನಿಮ್ಮ ಕೈಯಲ್ಲಿ. ಸತ್ತವಳಿಗೆ ನಿವೇಶನವೇಕೆ ಎಂದು ಕೇಳಬೇಡಿ. ಆ ವರ್ಗಾವಣೆಯನ್ನು ರದ್ದುಮಾಡಿ, ಅವಳ ಹೆಸರನ್ನು ಅದೇ ಸಾಲಿನಲ್ಲಿ ಮತ್ತೆ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ. ನನ್ನ ಹೇಳಿಕೆಯನ್ನೂ ದಾಖಲಿಸಿಕೊಳ್ಳಿ: ಪೆಟ್ಟಿಗೆ ತೆರೆದವಳು ನಾನು.