ಒತ್ತಕ್ಷರದ ಫೈಲು

ಬಹಳ ದಿನದ ಮೇಲೆ ಹಚ್ಚಿದ ಹಳೆಯ ಟಿವಿಯಿಂದ ಮೊನ್ನೆ ಕಾದ ಧೂಳಿನ ವಾಸನೆ ಬಂತು, ಆಗಿನ ಕಂಪ್ಯೂಟರ್ ಪರದೆಗಳದ್ದೇ ವಾಸನೆ. ಹೊನ್ನಾಳಿಯ ಕಂಪ್ಯೂಟರ್ ತರಬೇತಿ ಕೇಂದ್ರ, ಅಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಸರ್... ಎಲ್ಲ ಒಟ್ಟಿಗೇ ನೆನಪಾಯಿತು.

ಎಂಬತ್ತರ ದಶಕದ ಕೊನೆ. ನ್ಯಾಮತಿಯಲ್ಲಿದ್ದ ಅವರ ತಂಗಿಗೆ ನರಗಳ ಕಾಯಿಲೆ. ಮಾತು ನಿಂತುಹೋಗಿತ್ತು, ಒಂದು ಬೆರಳು ಮಾತ್ರ ಆಡುತ್ತಿತ್ತು. ಅದೂ ನಿಲ್ಲುವ ಮೊದಲು ಅವಳಿಗೆ ಮಾತು ಕೊಡಬೇಕೆಂದು ಸರ್ ಹಟ ಹಿಡಿದಿದ್ದರು. ಪರದೆಯ ಮೇಲೆ ಕನ್ನಡದ ಅಕ್ಷರಗಳು ಒಂದೊಂದಾಗಿ ಬರಬೇಕು, ಬೇಕಾದದ್ದು ಬಂದಾಗ ಅವಳು ಕೀಲಿ ಒತ್ತಬೇಕು. ಅದಕ್ಕೆ ಬೇಕಾದ ಪ್ರೋಗ್ರಾಮನ್ನೆಲ್ಲ ಒಂದೇ 'ಕ್ಲಾಸ್', ಅಂದರೆ ಬಿಡಿಸದ ಒಂದೇ ಗಂಟಾಗಿ ಕಟ್ಟಿ, ಒಂದೇ ಫೈಲಿನಲ್ಲಿ ಬರೆಯುತ್ತ ಹೋದರು. ಅದು ಎಷ್ಟು ಬೆಳೆಯಿತೆಂದರೆ, ಒಂದು ದಿನ ಕಂಪ್ಯೂಟರ್ ಆ ಫೈಲನ್ನು ತೆರೆಯಲೇ ಇಲ್ಲ.

ಸರ್ ತಲೆ ಹಿಡಿದು ಕೂತರು. "ಅವಳ ಆ ಬೆರಳೂ ಸೋಲಾಕೆ ಹತ್ತೈತೆ ಮೇಡಂ. ಹೆಂಗೆ ಮಾಡ್ಲಿ?"

"ಒಡೆದು ಬೇರೆ ಬೇರೆ ಇಡೋಣ ಸರ್," ಎಂದೆ.

ಪುಣ್ಯಕ್ಕೆ ಹಿಂದೆ ತೆಗೆದಿಟ್ಟಿದ್ದ ಒಂದು ಪ್ರತಿ ತೆರೆಯಿತು. ಆ ಕ್ಲಾಸನ್ನೇ ತುಂಡು ಮಾಡಿ ಸ್ವರಕ್ಕೊಂದು, ವ್ಯಂಜನಕ್ಕೊಂದು, ಗುಣಿತಕ್ಕೊಂದು, ಒತ್ತಕ್ಷರಕ್ಕೊಂದು ಫೈಲು ಮಾಡಿದೆವು. ಪ್ರೋಗ್ರಾಮ್ ಓಡಿಸುವಾಗ ಮುಖ್ಯ ಫೈಲು ಅವನ್ನೆಲ್ಲ ಕರೆದು ತನ್ನೊಳಗೆ ಸೇರಿಸಿಕೊಳ್ಳುತ್ತಿತ್ತು. ಈಗ ಇಬ್ಬರೂ ಹಂಚಿಕೊಂಡು ಬರೆಯಬಹುದಿತ್ತು. ಬರೆದೆವು, ಊಟ ತಿಂಡಿ ಮರೆತು. ಒತ್ತಕ್ಷರದ್ದು ಇನ್ನೂ ಬಾಕಿ ಇರುವಾಗಲೇ ಅವರ ತಾಯಿ ಹೇಳಿಕಳಿಸಿದರು: ಇನ್ನು ತಡ ಮಾಡಬೇಡ.

ಕೇಂದ್ರದ ಮಾಲೀಕರನ್ನು ಬೇಡಿಕೊಂಡು, ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನ್ಯಾಮತಿಗೆ ಹೋದೆವು.

ಪರದೆಯ ಮೇಲೆ ಅಕ್ಷರಗಳು ಸರಿಯತೊಡಗಿದವು. ತಂಗಿ ಕಾದು ಕಾದು ಒತ್ತಿದಳು: ಅ. ಬಹಳ ಹೊತ್ತಿನ ಮೇಲೆ: ಣ. ಆಮೇಲೆ ಕಣ್ಣು ಕೀಳದೆ ನೋಡುತ್ತಲೇ ಇದ್ದಳು... ಅಕ್ಷರಗಳು ಸುತ್ತಿ ಸುತ್ತಿ ಬಂದವು. ಅವಳಿಗೆ ಬೇಕಾದ ಒತ್ತು ಅವುಗಳಲ್ಲಿ ಇರಲಿಲ್ಲ.

"ಅಣ್ಣ ಅಂತೀಯೇನವ್ವಾ? ಗೊತ್ತಾತು ಬಿಡು... ಗೊತ್ತಾತು," ಎಂದು ಸರ್ ಅವಳ ಕೈ ಹಿಡಿದುಕೊಂಡರು. ಅವಳು ಮಾತ್ರ ಪರದೆಯನ್ನೇ ನೋಡುತ್ತಿದ್ದಳು. ಅದನ್ನು ಪೂರ್ತಿ ಬರೆಯಬೇಕಿತ್ತು ಅವಳಿಗೆ.

ಆ ಫೈಲು ಮುಗಿಯುವ ಮೊದಲೇ ಅವಳು ಹೋಗಿಬಿಟ್ಟಳು. ತಿಥಿ ಮುಗಿಸಿ ಸರ್ ಕೇಂದ್ರಕ್ಕೆ ಬಂದಾಗ, "ಉಳಿದದ್ದನ್ನು ನಾನು ಬರೆದು ಮುಗಿಸ್ತೀನಿ ಸರ್," ಎಂದೆ.

"ಯಾರಿಗೆ ಮೇಡಂ?" ಎಂದರು.

ಮತ್ತೆ ಅವರು ಆ ಪ್ರೋಗ್ರಾಮನ್ನು ತೆರೆಯಲಿಲ್ಲ. ಕೆಲಸ ಬಿಟ್ಟು ಜಗಳೂರಿನ ಕಡೆ ಹೋದರೆಂದು ಕೇಳಿದ್ದೆ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಬಹಳ ತಡವಾಗಿ. ಅವರ ಹೆಂಡತಿಗೆ ಫೋನು ಮಾಡಿದೆ. ಹೆಸರು ಹೇಳುತ್ತಲೇ ಗುರುತು ಹಿಡಿದರು. ಫೋನು ಇಟ್ಟ ಮೇಲೆ ಒಂದು ಹಾಳೆ ತೆಗೆದುಕೊಂಡು 'ಅಣ್ಣ' ಎಂದು ಬರೆದೆ, ಒತ್ತು ಸಮೇತ...